ಕೆಳಗೆ ಮತ್ತೊಬ್ಬರು

ನನ್ನ ಅಕ್ಕ ಗಣಿಯೊಳಗೆ ಒಂದು ದಿನವೂ ಇಳಿದವಳಲ್ಲ. ಆದರೆ ನಮ್ಮ ಬೀದಿಯ ಅಷ್ಟೂ ಗಂಡಸರನ್ನು ದಿನಾ ಪಾತಾಳಕ್ಕೆ ಇಳಿಸಿ, ಹೊತ್ತು ಇಳಿಯುವಷ್ಟರಲ್ಲಿ ಎತ್ತಿ ತಂದು ಅವರವರ ಹೆಂಡಿರು ಮಕ್ಕಳಿಗೆ ಒಪ್ಪಿಸುತ್ತಿದ್ದವಳು ಅವಳೇ. ಅವಳ ಕೆಲಸಕ್ಕೆ ವೈಂಡಿಂಗ್ ಡ್ರೈವರ್ ಎನ್ನುತ್ತಾರೆ. ಬಸ್ಸಿನ ಡ್ರೈವರಿಗಾದರೆ ರಸ್ತೆಯಾದರೂ ಕಾಣುತ್ತದೆ. ಇವಳಿಗೆ ಕಾಣುತ್ತಿದ್ದದ್ದು ಕೋಣೆಯಷ್ಟು ದೊಡ್ಡದೊಂದು ಉರುಳೆ, ಅದಕ್ಕೆ ಸುತ್ತಿಕೊಳ್ಳುವ ಉಕ್ಕಿನ ಹಗ್ಗ, ಆಳ ತೋರಿಸುವ ಒಂದು ಮುಳ್ಳು, ಮತ್ತು ಎದುರು ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಏಳು ಗಂಟೆಗಳು. ಹಗ್ಗದ ಇನ್ನೊಂದು ತುದಿಯಲ್ಲಿ, ನೆಲದ ಹೊಟ್ಟೆಯೊಳಗೆ ಎಲ್ಲೋ, ಕೇಜು ಎಂಬ ಕಬ್ಬಿಣದ ಪಂಜರ. ಅದರೊಳಗೆ ಜನ.

ಆ ಕೇಜಿನ ಬಾಗಿಲು ತೆಗೆಯುವುದು, ಹಾಕುವುದು ನನ್ನ ಕೆಲಸ. ಕೇಜು ಇಳಿಯುವ ಆಳದ ಬಾವಿಗೆ ಶಾಫ್ಟು ಎನ್ನುತ್ತಾರೆ, ಅದರ ಬಾಯಿಯ ಹತ್ತಿರ ನಿಂತಿರುತ್ತಿದ್ದೆ. ಅಂಗಳದ ಆಚೆ, ಡ್ರೈವರ್ ಕೋಣೆಯ ಗಾಜಿನ ಕಿಟಕಿಯಲ್ಲಿ ಅಕ್ಕ ಕಾಣುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಸಾಲು ತಪ್ಪಿಸಿ ನುಗ್ಗಿದವನು ಯಾರೇ ಆಗಲಿ, ಅಲ್ಲೇ ನೀರಿಳಿಸಿ ಹಿಂದಕ್ಕೆ ಕಳಿಸುತ್ತಿದ್ದೆ. ಅಕ್ಕ ತದ್ವಿರುದ್ಧ, ಹತ್ತು ಮಾತಿಗೆ ಒಂದು ಮಾತು. “ಇಬ್ಬರಿಗೂ ಅಂತ ಇಟ್ಟಿದ್ದ ಮಾತನ್ನೆಲ್ಲ ನೀನೊಬ್ಬಳೇ ಗುಳುಂ ಮಾಡಿದ್ದೀಯ” ಎಂದು ಭಾವ ನನ್ನನ್ನು ರೇಗಿಸುತ್ತಿದ್ದರು. ಭಾವ ಎಂದರೆ ಅಕ್ಕನ ಗಂಡ, ಏಳನೇ ಲೆವೆಲ್ಲಿನ ಮೇಸ್ತ್ರಿ. ಅದು ಗಣಿಯ ಏಳು ಅಂತಸ್ತುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು.

ಹೆಂಗಸಿನ ಕೈಗೆ ಆ ಯಂತ್ರ ಕೊಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ, ಗತಿಯಿಲ್ಲದೆ. ಹೊರಗೆ ಎಲ್ಲಿ ನೋಡಿದರೂ ಸೇತುವೆ, ಸುರಂಗ, ಅಣೆಕಟ್ಟು. ಗಣಿಯಲ್ಲಿ ಕೈ ಪಳಗಿದವರನ್ನೆಲ್ಲ ಆ ಕಂಪನಿಗಳು ಬಾಚಿಕೊಂಡು ಹೋದವು. ನಮ್ಮ ಗೇಟಿನ ಮುಂದೆ ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂಬ ಬೋರ್ಡು ನಿಂತೇ ಇತ್ತು. ಅಕ್ಷರ ಮಾಸಿದರೆ ಮತ್ತೆ ಬಣ್ಣ ಬಳಿಯುತ್ತಿದ್ದರೇ ಹೊರತು ಅದನ್ನು ಇಳಿಸಿದ್ದು ನಾನು ಕಾಣೆ. ಅಕ್ಕ ಆಗ ಒಳಗೆ ಇಳಿಯುವವರಿಗೆ ತಲೆದೀಪ ಕೊಡುವ ಕೋಣೆಯಲ್ಲಿದ್ದಳು. ಹಳೆಯ ಡ್ರೈವರನಿಗೆ ವಯಸ್ಸಾಗಿತ್ತು, ಕೆಮ್ಮು ಜಾಸ್ತಿ, ಎಲ್ಲರೂ ಕೆಮ್ಮಜ್ಜ ಎಂದೇ ಕರೆಯುತ್ತಿದ್ದರು. ಕೆಮ್ಮಜ್ಜ ಮ್ಯಾನೇಜರ ಹತ್ತಿರ ಹೋಗಿ, “ಈ ಹುಡುಗಿ ದೀಪ ಕೊಡುವಾಗ ಒಬ್ಬೊಬ್ಬನ ಮುಖ ನೋಡಿ ಕೊಡ್ತಾಳೆ. ಇವಳನ್ನ ನನಗೆ ಕೊಡಿ, ಕಲಿಸ್ತೀನಿ” ಎಂದ. ನಮ್ಮಮ್ಮ ಬಾಯಿ ಬಾಯಿ ಬಡಿದುಕೊಂಡಳು. ಅಕ್ಕ ಮರುದಿನವೇ ಹೋಗಿ ಆ ಕುರ್ಚಿಯ ಪಕ್ಕ ನಿಂತಳು.

ಕೆಮ್ಮಜ್ಜ ಕಲಿಸಿದ್ದು ಬಹಳವಿರಬಹುದು. ನಮ್ಮ ಮನೆಯವರೆಗೂ ಬಂದದ್ದು ಎರಡು. ಒಂದು, ಗಂಟೆ. ಪ್ರತಿ ಲೆವೆಲ್ಲಿನಿಂದಲೂ ಒಂದೊಂದು ತಂತಿ ಶಾಫ್ಟಿನ ಗೋಡೆ ಹಿಡಿದು ಮೇಲೆ ಬಂದು, ನನ್ನ ಗೇಟಿನ ಪಕ್ಕದಲ್ಲೇ ಹಾದು, ಅಕ್ಕನ ಕೋಣೆಯ ಗಂಟೆಗೆ ಸೇರುತ್ತಿತ್ತು. ಕೆಳಗಿನವನು ತಂತಿಯನ್ನು ಎರಡು ಸಲ ಎಳೆದರೆ ಕೇಜು ಕಳಿಸು ಎಂದು ಅರ್ಥ. ಮೂರು ಸಲ ಎಳೆದರೆ ಜನ ಹತ್ತಿದ್ದಾರೆ, ನಿಧಾನವಾಗಿ ಎತ್ತು ಎಂದು. ಮೇಲೆ ಬಂದವರೆಲ್ಲ ಇಳಿದ ಮೇಲೆ ನಾನು ನನ್ನ ಗಂಟೆಯನ್ನು ಒಂದು ಸಲ ಹೊಡೆಯಬೇಕು, ಕೇಜು ಖಾಲಿ ಎಂದು. ಗಂಟೆ ಬರದೆ ಡ್ರೈವರು ಕೇಜನ್ನು ಕೂದಲೆಳೆಯಷ್ಟೂ ಅಲುಗಿಸಬಾರದು. “ಅಲ್ಲಿ ಒಬ್ಬ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟಿರ್ತಾನೆ. ನೀನು ನಿನ್ನ ಬುದ್ಧಿ ಉಪಯೋಗಿಸಿದೆಯೋ, ಅವನ ಕಥೆ ಮುಗೀತು. ನಿನ್ನ ಬುದ್ಧಿ ಮನೇಲಿಟ್ಟು ಬಾ” ಎನ್ನುತ್ತಿದ್ದ ಕೆಮ್ಮಜ್ಜ.

ಇನ್ನೊಂದು, ಕುರ್ಚಿ ಬಿಡುವ ಮಾತು. ಪಾಳಿ ಮುಗಿಸಿ ಏಳುವ ಡ್ರೈವರು ಬರುವ ಡ್ರೈವರಿಗೆ, “ಕೆಳಗೆ ಇಷ್ಟು ಜನ” ಎಂದು ಹೇಳಬೇಕು. ಬಂದವನು ಅದನ್ನೇ ತಿರುಗಿ ಹೇಳಬೇಕು. ಹೇಳಿದ ಮೇಲೆಯೇ ಇವನು ಏಳಬೇಕು. ಬಾಯಿಂದ ಬಾಯಿಗೆ, ಬರವಣಿಗೆಯಿಲ್ಲ. ತನಗೆ ಒಪ್ಪಿಸಿದ ಒಬ್ಬನನ್ನಾದರೂ ಎತ್ತದೆ ಲೆಕ್ಕದಿಂದ ಬಿಡುವ ಹಾಗಿಲ್ಲ.

ಅಕ್ಕನಿಗೆ ಮೂರನೆಯದೊಂದು ತಾನಾಗಿಯೇ ಬಂತು. ಗಂಟೆ ಕೇಳಿದರೆ ಸಾಕು, ಎಳೆದವರು ಯಾರು ಎಂದು ಹೇಳುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ಕೈ. ಜಗಳವಾಡಿಕೊಂಡು ಬಂದವನ ಕೈ ಬೇರೆ, ಹಿಂದಿನ ದಿನ ಕುಡಿದವನ ಕೈ ಬೇರೆ. ಭಾವನದು ಒಂದು ಸಲ ಎಳೆದು, ಒಂದು ಉಸಿರು ಬಿಟ್ಟು, ಆಮೇಲೆ ಪಟಕ್ಕನೆ ಎಳೆಯುವ ಕೈ. “ಅವರು ಮನೆ ಬಾಗಿಲು ತಟ್ಟೋದೂ ಹಾಗೇ ಅಲ್ವಾ” ಎನ್ನುತ್ತಿದ್ದಳು ಅಕ್ಕ. ಹೇಳುವಾಗ ಕೆನ್ನೆ ಕೆಂಪಾಗುತ್ತಿತ್ತು. ಮದುವೆಯಾಗಿ ಅಷ್ಟು ವರ್ಷವಾದ ಮೇಲೂ!

ಅದು ನಡೆದದ್ದು ಒಂದು ಮಧ್ಯಾಹ್ನ. ಭಾವನ ಗುಂಪಿನವರೆಲ್ಲ ಊಟಕ್ಕೆ ಮೇಲೆ ಬಂದಿದ್ದರು. ಪಂಪು ಯಾಕೋ ಸರಿಯಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ಅವರೊಬ್ಬರು ಕೆಳಗೆ ಉಳಿದಿದ್ದರು. ನನ್ನ ಕಾಲ ಕೆಳಗಿನ ನೆಲ ಒಮ್ಮೆ ಮೈ ಕೊಡವಿದಂತಾಯಿತು. ಶಾಫ್ಟಿನ ಬಾಯಿಂದ ದೂಳು ತುಂಬಿದ ಗಾಳಿ ಬುಸ್ಸೆಂದು ಮೇಲೆ ನುಗ್ಗಿತು. ಮರುಕ್ಷಣ ಗಂಟೆಗಳು ಹುಚ್ಚು ಹಿಡಿದಂತೆ ಬಡಿದುಕೊಳ್ಳತೊಡಗಿದವು. ಒಂದೊಂದೇ ಲೆವೆಲ್ಲಿನ ಜನರನ್ನು ಅಕ್ಕ ಎತ್ತಿ ತಂದಳು. ನಾನು ಬಾಗಿಲು ತೆಗೆಯುತ್ತಲೇ ಹೋದೆ. ಆರು ಗಂಟೆಗಳೂ ಸುಮ್ಮನಾದವು. ಏಳನೆಯದು ಹೊಡೆಯಲೇ ಇಲ್ಲ.

ಕೇಜು ನನ್ನ ಮುಂದೆ ಖಾಲಿ ನಿಂತಿತ್ತು. ಕಿಟಕಿಯಲ್ಲಿ ಅಕ್ಕ ಯಂತ್ರದ ಹಿಡಿಕೆಯ ಮೇಲೆ ಕೈಯಿಟ್ಟು ಆ ಗಂಟೆಯನ್ನೇ ನೋಡುತ್ತಿದ್ದಳು. “ಗಂಟೆ ಇಲ್ಲದೆ ಕಳಿಸಬೇಡ, ದಾರಿಯಲ್ಲಿ ಏನು ಅಡ್ಡ ಬಿದ್ದಿದೆಯೋ, ಅವರು ಯಾವ ಕಡೆ ನಿಂತಿದ್ದಾರೋ” ಎಂದು ಮೇಲ್ವಿಚಾರಕ ಕೂಗಿದ. ಕೂಗುವ ಅಗತ್ಯವೇ ಇರಲಿಲ್ಲ. ಅವಳು ಕಲಿತದ್ದೂ ಅದೇ. ಕತ್ತಲಾಗುವವರೆಗೆ ಹಾಗೆಯೇ ಕೂತಿದ್ದಳು. ಪಕ್ಕದ ಗಾಳಿಬಾವಿಯ ಏಣಿಯಲ್ಲಿ ಇಳಿದ ರಕ್ಷಣೆಯವರು ವಾಪಸು ಬಂದು ತಲೆಯಾಡಿಸಿದರು. ಏಳನೇ ಲೆವೆಲ್ಲಿನ ಒಳದಾರಿ ಚಾವಣಿಯವರೆಗೆ ಕೆಸರು ತುಂಬಿಕೊಂಡಿದೆ ಎಂದರು. ಮುಂದಿನ ಪಾಳಿಯ ಡ್ರೈವರು ಬಂದು ಕುರ್ಚಿಯ ಪಕ್ಕ ನಿಂತ. ಅಕ್ಕ, “ಕೆಳಗೆ ಒಬ್ಬರು” ಎಂದಳು. ಅವನೂ ಪಾಪ, ಏನು ಮಾಡಿಯಾನು? “ಕೆಳಗೆ ಒಬ್ಬರು” ಎಂದ.

ಭಾವನ ದೇಹ ಸಿಗಲಿಲ್ಲ. ಬೇರೆ ಗಣಿಯಿಂದ ಎರವಲು ತಂದ ಡ್ರೈವರು ಕೇಜು ಓಡಿಸುತ್ತಿದ್ದ ದಿನಗಳಲ್ಲಿ ಏಳನೇ ಲೆವೆಲ್ಲಿನ ಕಂಬಿ ಬಾಗಿಲಿಗೆ ಬೀಗ ಬಿತ್ತು, ಇನ್ನು ಅಲ್ಲಿ ಕೇಜು ನಿಲ್ಲಿಸಕೂಡದು ಎಂದು ಅಪ್ಪಣೆಯಾಯಿತು. ಸ್ವಲ್ಪ ದಿನ ಬಿಟ್ಟು ಅಕ್ಕ ಕೆಲಸಕ್ಕೆ ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ, ಯಾರೂ ನೋಡಲಿಲ್ಲ. ಅಂದು ಪಾಳಿ ಬಿಡುವಾಗ, “ಕೆಳಗೆ ಮೂವತ್ತು ಜನ, ಮತ್ತೊಬ್ಬರು” ಎಂದಳು. ಬಂದವನು ಮೂವತ್ತು ಎಂದು ಸುಮ್ಮನಾದ. ಅಕ್ಕ ಏಳಲಿಲ್ಲ. ಅವನು ತಲೆ ಕೆರೆದುಕೊಂಡು, “ಮತ್ತೊಬ್ಬರು” ಎಂದು ಸೇರಿಸಿದ. ಆಗ ಎದ್ದಳು.

ಅಲ್ಲಿಂದ ಶುರುವಾಯಿತು ನೋಡಿ. ಅವನು ಬೆಳಿಗ್ಗೆ ಅಕ್ಕನಿಗೆ ಒಪ್ಪಿಸುವಾಗಲೂ ಮತ್ತೊಬ್ಬರು ಎನ್ನಲೇಬೇಕಲ್ಲ, ನಿಯಮ ಹಾಗಿದೆ. ವರ್ಷಗಟ್ಟಲೆ ಆ ಒಬ್ಬರು ಬಾಯಿಂದ ಬಾಯಿಗೆ ಹೋಗುತ್ತಲೇ ಇದ್ದರು. ಭಾವನ ಮುಖವನ್ನೇ ನೋಡದವರು ಕೂಡ ಅವರನ್ನು ಜೋಪಾನವಾಗಿ ತೆಗೆದುಕೊಂಡು ಜೋಪಾನವಾಗಿ ಕೊಡುತ್ತಿದ್ದರು. ಅದು ಕುರ್ಚಿಯಲ್ಲೇ ನಿಲ್ಲಲಿಲ್ಲ. ಕೆಳಗೆ ಮನುಷ್ಯರಿರುವಾಗ ಗಾಳಿ ಊದುವ ದೊಡ್ಡ ಫ್ಯಾನನ್ನು ನಿಲ್ಲಿಸಬಾರದು. ರಜೆಯ ದಿನ ಫ್ಯಾನಿನವನು ಡ್ರೈವರ್ ಕೋಣೆಗೆ ಬಂದು, “ಕೆಳಗೆ ಯಾರಾದ್ರೂ?” ಎಂದು ಕೇಳಿದರೆ, “ಒಬ್ಬರು” ಎನ್ನುವ ಉತ್ತರ. ಅವನು ಗೊಣಗಿಕೊಂಡು ವಾಪಸು ಹೋಗುತ್ತಿದ್ದ. ಇಡೀ ಗಣಿ ಖಾಲಿ, ಬೀದಿಯಲ್ಲಿ ಬಟ್ಟೆ ಒಣಗುತ್ತಿದೆ, ಮಕ್ಕಳು ಆಡುತ್ತಿದ್ದಾರೆ, ನೆಲದಡಿಗೆ ಗಾಳಿ ಹೋಗುವ ಆ ಗುಂಯ್ ಸದ್ದು ಮಾತ್ರ ನಿಲ್ಲದು. ಯಾರಿಗಾಗಿ ಎಂದು ಬೀದಿಯವರಿಗೆಲ್ಲ ಗೊತ್ತಿತ್ತು.

ಮ್ಯಾನೇಜರು ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಅವರು ಅಕ್ಕನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವಳು ಎದ್ದುಹೋಗುತ್ತಾಳೆ, ಅವಳು ಹೋದರೆ ಕೇಜು ಓಡಿಸುವವರು ಯಾರು? ಬಂದ ಹೊಸಬರು ನಿಲ್ಲುತ್ತಿರಲಿಲ್ಲ. ಒಬ್ಬನಿಗೆ ನಾವು ಸರ್ಟಿಫಿಕೇಟು ಎಂದೇ ಹೆಸರಿಟ್ಟಿದ್ದೆವು. ಬಂದ ದಿನ ಪ್ಲಾಸ್ಟಿಕ್ ಕವರಿನಿಂದ ತೆಗೆದು ಅದನ್ನು ನನಗೂ ತೋರಿಸಿದ್ದ, ಬಾಗಿಲು ಕಾಯುವವಳಿಗೆ! ಕಂಪ್ಯೂಟರ್ ಪರದೆಯ ಮೇಲೆ ಕೇಜು ಓಡಿಸಲು ಕಲಿತುಬಂದಿದ್ದ. ಅಕ್ಕನ ಮಾತು ಕೇಳಿ ಬಿದ್ದು ಬಿದ್ದು ನಕ್ಕ. ಒಂದು ವಾರ ನಕ್ಕಿರಬೇಕು. ಆಮೇಲೆ ಒಂದು ದಿನ ಟೀ ಕುಡಿಯುತ್ತಾ ನನ್ನ ಪಕ್ಕ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

“ಅಲ್ಲಿ ಒಬ್ಬನೇ ಕೂತ್ರೆ ಏನೋ ಒಂಥರಾ ಆಗುತ್ತೆ” ಎಂದ.

“ಏನಾಗುತ್ತೆ? ಗಂಟೆ ಹೊಡೆಯುತ್ತಾ?” ಎಂದು ರೇಗಿಸಿದೆ.

“ಹೊಡೆದ್ರೆ ಪರವಾಗಿಲ್ಲ. ಹೊಡೆಯಲ್ವಲ್ಲ. ಯಾರೋ ಉಸಿರು ಬಿಗಿಹಿಡಿದುಕೊಂಡು ನನ್ನನ್ನೇ ಕಾಯ್ತಿರೋ ಹಾಗನ್ಸುತ್ತೆ.”

ಮುಂದಿನ ತಿಂಗಳು ಅವನೂ ಸುರಂಗದ ಕಂಪನಿಗೆ ಕಾಲು ಕಿತ್ತ. ಅವನ ಹಿಂದೆ ಬಂದವಳು ಮೂರು ದಿನಕ್ಕೇ ಹೋದಳು. ಜನ ಸಿಗುತ್ತಿಲ್ಲ, ಸಿಗುತ್ತಿಲ್ಲ ಎಂದು ಮ್ಯಾನೇಜರು ಮೇಲಿನವರಿಗೆ ಫೋನಿನಲ್ಲಿ ಹಲುಬುತ್ತಿದ್ದರು. ಸಿಕ್ಕವರು ಯಾಕೆ ನಿಲ್ಲುತ್ತಿಲ್ಲ ಎಂದು ಹೇಳಲು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ಅಮ್ಮನೂ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ, ಕಂಪನಿ ಕೊಟ್ಟ ಎರಡು ಕೋಣೆಯಲ್ಲಿ. ಅಕ್ಕ ಮಂಚ ಬಿಟ್ಟು ನೆಲದ ಮೇಲೆ ಮಲಗುವುದು ರೂಢಿಮಾಡಿಕೊಂಡಿದ್ದಳು. ಕೇಳಿದರೆ ಸೆಕೆ ಎನ್ನುತ್ತಿದ್ದಳು. ಚಳಿಗಾಲದಲ್ಲೂ ಸೆಕೆ! ಯಾವಾಗಲೂ ಬಲಕ್ಕೆ ಹೊರಳಿ, ಬಲಗಿವಿ ನೆಲಕ್ಕೆ ತಾಗಿಸಿಯೇ ಮಲಗುತ್ತಿದ್ದಳು. ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಒಮ್ಮೆ ತಡೆಯಲಾರದೆ ಬಾಯಿ ಬಿಟ್ಟೇಬಿಟ್ಟೆ. “ಹೋದವರು ಹೋದ್ರು ಕಣಕ್ಕ. ಇನ್ನೆಷ್ಟು ವರ್ಷ ಹೀಗೆ? ಭಾವ ಸತ್ತುಹೋಗಿದ್ದಾರೆ.”

ಅಕ್ಕ ತರಕಾರಿ ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ನಾನೆಲ್ಲಿ ಇಲ್ಲ ಅಂದೆ? ಸತ್ತಿದ್ದಾರೆ. ಕೆಳಗಿದ್ದಾರೆ ಅಂತ ಅಷ್ಟೇ ನಾನು ಹೇಳೋದು.”

“ಹಾಗಾದ್ರೆ ಏನಕ್ಕೆ ಕಾಯ್ತಿದ್ದೀಯ?”

“ನನ್ನ ಪಾಳೀಲಿ ಇಳಿದವರು. ನಾನೇ ಎತ್ತಬೇಕು. ಗಂಟೆ ಹೊಡೀಲಿ, ಎತ್ತುತ್ತೀನಿ.”

ಹುಚ್ಚಿಯ ಹಾಗೆ ಮಾತಾಡಿದ್ದರೆ ಜಗಳವಾಡಬಹುದಿತ್ತು. ಅಂಗಡಿಗೆ ಹೋಗಿ ಸಾಬೂನು ತರಬೇಕು ಎನ್ನುವಷ್ಟು ಸಲೀಸಾಗಿ ಹೇಳಿದಳು. ಅವತ್ತಿನಿಂದ ನನಗೂ ಆ ಮನೆಯಲ್ಲಿ ನೆಲಕ್ಕೆ ಕಾಲೂರಲು ಒಂದು ಬಗೆಯ ಅಳುಕು ಶುರುವಾಯಿತು.

ಹೀಗಿರುವಾಗ ಶಾಫ್ಟು ಮುಚ್ಚುವ ಮಾತು ಬಂತು. ಗುಡ್ಡದ ಪಕ್ಕದಿಂದ ಇಳಿಜಾರು ರಸ್ತೆ ಕೊರೆದು ಲಾರಿಗಳನ್ನೇ ಗಣಿಯೊಳಗೆ ಇಳಿಸಿದ್ದರು. ಕೇಜೂ ಬೇಡ, ಡ್ರೈವರೂ ಬೇಡ. ಕೊನೆಯ ದಿನ ಕೇಜಿನ ಕರೆಂಟು, ಫ್ಯಾನು, ಪಂಪು ಎಲ್ಲ ನಿಲ್ಲಿಸಿ ಹಳೆಯ ಕೆಳಗಿನ ಲೆವೆಲ್ಲುಗಳನ್ನು ನೀರಿಗೆ ಬಿಟ್ಟುಬಿಡುವುದು ಎಂದಾಯಿತು. ಆ ವಾರವೇ ಸುರಂಗದ ಕಂಪನಿಯ ಅಧಿಕಾರಿ ಹೆಂಗಸೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರಲ್ಲೂ ಸುರಂಗಕ್ಕೆ ಜನರನ್ನು ಇಳಿಸಲು ಆಳದ ಶಾಫ್ಟು ತೋಡಿದ್ದಾರಂತೆ.

“ಯಂತ್ರ ಬಂದು ಕೂತಿದೆ, ಓಡಿಸೋ ಕೈಗಳಿಲ್ಲ” ಎಂದರು. “ನೀವು ಬಂದು ನಮ್ಮ ಹೊಸಬರಿಗೆ ಕಲಿಸಿಕೊಡಬೇಕು. ಇಬ್ಬರೂ ಬನ್ನಿ, ಮನೆ ಕೊಡ್ತೀವಿ. ಯಾವತ್ತಿಂದ ಬರ್ತೀರ?”

“ನನ್ನ ಪಾಳಿ ಮುಗಿದ ತಕ್ಷಣ” ಎಂದಳು ಅಕ್ಕ.

“ಅದು ಯಾವಾಗ ಮುಗಿಯುತ್ತೆ?”

“ಗೊತ್ತಿಲ್ಲ ಮೇಡಂ. ಕೆಳಗೆ ಒಬ್ಬರಿದ್ದಾರೆ.”

ಅವರು ನನ್ನ ಮುಖ ನೋಡಿದರು. ನಾನು ಟೀ ಲೋಟ ಮುಂದೆ ಹಿಡಿದು, “ಮುಚ್ಚುವ ದಿನ ಮಧ್ಯಾಹ್ನ ಗಾಡಿ ಕಳಿಸಿ, ಬರ್ತೀವಿ” ಎಂದುಬಿಟ್ಟೆ. ಅವರು ಹೋದ ಮೇಲೆ ಅಕ್ಕನಿಗೆ, “ಕರೆಂಟು ತೆಗೆದ ಮೇಲೆ ನೀನು ಅಲ್ಲಿ ಕೂತು ಏನು ಮಾಡ್ತೀಯ? ಕೇಜು ಓಡಲ್ಲ” ಎಂದೆ.

“ಗಾಳಿಬಾವೀಲಿ ಏಣಿ ಇದೆಯಲ್ಲ” ಎಂದಳು. “ಅದಕ್ಕೆ ಕರೆಂಟು ಬೇಕಾ?”

ನೀರು ಏರುತ್ತಿರುವ ಶಾಫ್ಟಿಗೆ ಇವಳು ಏಣಿ ಹಿಡಿದು ಇಳಿಯುತ್ತಾಳೆ. ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ ನಮ್ಮಕ್ಕ. ಕೋಣೆಯಲ್ಲಿ ಕೂಡಿಹಾಕೋಣವೇ ಎಂದುಕೊಂಡೆ, ಎಷ್ಟು ದಿನ ಕೂಡಿಹಾಕುವುದು? ಮ್ಯಾನೇಜರಿಗೆ ಹೇಳಿದರೆ ಕಾವಲಿನವರಿಂದ ಎಳೆಸಿ ಹೊರಗೆ ಹಾಕುತ್ತಾರೆ, ಗಾಳಿಬಾವಿಯ ಏಣಿ ಇವಳಿಗೆ ಗೊತ್ತೇ ಇದೆ. ಅವಳಾಗಿ ಆ ಕುರ್ಚಿಯಿಂದ ಏಳಬೇಕು. ಏಳಬೇಕಾದರೆ ಏಳನೇ ಗಂಟೆ ಹೊಡೆಯಬೇಕು. ತಂತಿ ಹಾದುಹೋಗುವುದು ನನ್ನ ಗೇಟಿನ ಪಕ್ಕದಲ್ಲೇ. ಭಾವನ ಕೈ ಹೇಗೆ ಎಂದು ಅಕ್ಕನ ಬಾಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಕೊನೆಯ ದಿನ ಬಿಸಿಲು ಚೆನ್ನಾಗಿತ್ತು. ಉಳಿದ ಸಾಮಾನು ಹೊತ್ತುಕೊಂಡು ಕೊನೆಯ ಗುಂಪಿನವರು ಮೇಲೆ ಬಂದರು, ಟೋಪಿ ತೆಗೆದು ಶಾಫ್ಟಿನ ಬಾಯಿಗೆ ಒಮ್ಮೆ ಬಗ್ಗಿ ನೋಡಿ ಹೋದರು. ಅಂಗಳದಲ್ಲಿ ಮ್ಯಾನೇಜರು, ಕರೆಂಟಿನ ಫಿಟ್ಟರು, ಫ್ಯಾನಿನವನು ನಿಂತಿದ್ದರು. ಗೇಟಿನ ಹೊರಗೆ ಸುರಂಗದ ಕಂಪನಿಯ ಗಾಡಿ. ಮ್ಯಾನೇಜರು ಕಿಟಕಿಯ ಹತ್ತಿರ ಹೋಗಿ ಮೆತ್ತಗೆ, “ಆಯ್ತಲ್ಲಮ್ಮ? ಎಲ್ಲರೂ ಮೇಲೆ ಬಂದ್ರಲ್ಲ?” ಎಂದರು. ಅಕ್ಕ ತಲೆ ಅಲ್ಲಾಡಿಸಿದಳು. “ಒಬ್ಬರು ಕೆಳಗಿದ್ದಾರೆ ಸರ್.”

ಮ್ಯಾನೇಜರು ಫಿಟ್ಟರನ ಕಡೆ ತಿರುಗಿದರು. ಇನ್ನು ತಡಮಾಡಿದರೆ ಕೆಟ್ಟೆ ಎಂದು ನಾನು ಏಳನೇ ತಂತಿಗೆ ಕೈ ಹಾಕಿದೆ. ಅದು ತುಕ್ಕು ಹಿಡಿದು ಒರಟಾಗಿತ್ತು. ಒಂದು ಸಲ ಎಳೆದೆ, ಒಂದು ಉಸಿರು ಬಿಟ್ಟೆ, ಪಟಕ್ಕನೆ ಇನ್ನೊಂದು ಸಲ. ಅಂಗಳದಾಚೆ ಗಂಟೆ ಹೊಡೆಯಿತು. ಅಷ್ಟು ವರ್ಷ ಬಾಯಿ ಕಟ್ಟಿದ್ದ ಗಂಟೆ, ದನಿ ಕರಕರ ಎಂದಿತು. ಫ್ಯಾನಿನವನು ತಲೆಯ ಮೇಲೆ ಕೈಯಿಟ್ಟುಕೊಂಡ. ಅಕ್ಕ ನನ್ನ ಕಡೆ ನೋಡಲಿಲ್ಲ, ಗಂಟೆಯ ಕಡೆ ನೋಡಿದಳು. ಆಮೇಲೆ ಉರುಳೆ ತಿರುಗಿತು, ಕೇಜು ನನ್ನ ಮುಂದಿನಿಂದ ಕೆಳಗೆ ಜಾರಿತು.

ನನ್ನ ಲೆಕ್ಕಾಚಾರ ಸುಲಭದ್ದು. ಕೇಜು ತಳ ಮುಟ್ಟುವವರೆಗೆ ಕಾಯಬೇಕು, ಒಬ್ಬ ಮನುಷ್ಯ ಹತ್ತಿ ಬಾಗಿಲು ಹಾಕಿಕೊಳ್ಳುವಷ್ಟು ಹೊತ್ತು ಬಿಡಬೇಕು, ಆಮೇಲೆ ಮೂರು ಸಲ ಎಳೆಯಬೇಕು. ಖಾಲಿ ಕೇಜು ಮೇಲೆ ಬರುತ್ತದೆ, ನಾನು ಬಾಗಿಲು ತೆಗೆದು ಹಾಕಿ ನನ್ನ ಗಂಟೆ ಹೊಡೆಯುತ್ತೇನೆ, ಅಕ್ಕ ಏಳುತ್ತಾಳೆ. ತಂತಿಯನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು ನಿಂತೆ. ಹಗ್ಗ ಓಡುವುದು ನಿಂತಿತು. ಕೇಜು ತಳ ಮುಟ್ಟಿತು. ಅಲ್ಲಿ ಬೀಗ ಹಾಕಿದ ಬಾಗಿಲಿದೆ, ಅದರ ಹಿಂದೆ ಕೆಸರಿದೆ, ಬೇರೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೂ ಸ್ವಲ್ಪ ಹೊತ್ತು ಬಿಡೋಣ ಎಂದುಕೊಂಡೆ.

ತಂತಿ ನನ್ನ ಅಂಗೈಯಲ್ಲಿ ಕೆಳಕ್ಕೆ ಸರಿಯಿತು.

ನಾನು ಎಳೆದಿರಲಿಲ್ಲ. ಬಾವಿಯ ಹಗ್ಗದ ಆ ತುದಿಯನ್ನು ಇನ್ನೊಬ್ಬರು ಹಿಡಿದು ಜಗ್ಗಿದರೆ ನಮ್ಮ ಕೈಗೆ ಗೊತ್ತಾಗುವುದಿಲ್ಲವೇ, ಹಾಗೆ. ಒಂದು ಸಲ. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಪಟಪಟನೆ ಎರಡು. ಆಚೆ ಗಂಟೆ ಮೂರು ಸಲ ಹೊಡೆಯಿತು. ಕೈ ಬಿಡಬೇಕು ಎನಿಸಿದರೂ ಬೆರಳು ಬಿಚ್ಚಲಿಲ್ಲ. ಕೇಜು ಹೋಗುವಾಗ ಶಾಫ್ಟಿನ ಗೋಡೆ ಅದುರುತ್ತದೆ, ಹಳೆಯ ತಂತಿ ಕೊಂಡಿ ಕಳಚಿ ಜಗ್ಗಿರುತ್ತದೆ ಎಂದು ಫಿಟ್ಟರು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಇರಬಹುದು, ಅವನು ಅದನ್ನೇ ಓದಿದವನು. ಆದರೆ ಕೇಜು ಆಗಲೇ ನಿಂತಾಗಿತ್ತು, ಮತ್ತು ತಂತಿ ಇದ್ದದ್ದು ನನ್ನ ಕೈಯಲ್ಲಿ.

ಹಗ್ಗ ಮೇಲಕ್ಕೆ ಬರತೊಡಗಿತು, ಬಹಳ ನಿಧಾನ. ಕಲ್ಲು ತುಂಬಿದ್ದರೆ ಅಕ್ಕ ಸರ್ರನೆ ಎಳೆಯುತ್ತಿದ್ದಳು. ಇದು ಮನುಷ್ಯರನ್ನು ಎತ್ತುವ ವೇಗ. ಅದಕ್ಕಿಂತಲೂ ನಿಧಾನ, ಗಾಯವಾದವರನ್ನು ಎತ್ತುವ ವೇಗ. ಮ್ಯಾನೇಜರು ನನ್ನ ಹತ್ತಿರ ಬಂದು, “ಯಾರಮ್ಮ ಹೊಡೆದದ್ದು?” ಎಂದು ಪಿಸುಗುಟ್ಟಿದರು. ನಾನಲ್ಲ ಎಂದು ತಲೆಯಾಡಿಸಿದೆ. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

ಕೇಜು ಬಂದು ನಿಂತಿತು. ಒಳಗೆ ಯಾರೂ ಇರಲಿಲ್ಲ. ಚಾವಣಿಯಿಂದ ಎಂದಿನಂತೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಬಾಗಿಲು ತೆಗೆದೆ. ತೆಗೆಯದೆ ಹೇಗಿರಲಿ, ಅದು ನನ್ನ ಕೆಲಸ. ಕೇಜಿಗೂ ನೆಲಕ್ಕೂ ನಡುವೆ ದಾಟಲು ಒಂದು ಕಬ್ಬಿಣದ ಹಲಗೆ ಇದೆ, ಒಂದು ಬದಿ ಸಡಿಲ. ಮೇಲೆ ಕಾಲಿಟ್ಟರೆ ದಡ್ ಎಂದು ತಗ್ಗುತ್ತದೆ, ಕಾಲೆತ್ತಿದರೆ ಟಣ್ ಎಂದು ಏಳುತ್ತದೆ. ಅದು ತಗ್ಗಿತು. ಆಮೇಲೆ ಎದ್ದಿತು. ಯಾರಿಗೂ ದಾರಿ ಬಿಟ್ಟು ಅಭ್ಯಾಸವಿಲ್ಲದ ನಾನು ಪಕ್ಕಕ್ಕೆ ಸರಿದು, ಬೆನ್ನನ್ನು ಗೇಟಿಗೆ ಆನಿಸಿ, ದಾರಿ ಬಿಟ್ಟೆ. ಭಾವ ಎಂದು ಕರೆಯಬೇಕೆನಿಸಿತು. ಭಯವೂ ಆಯಿತು, ಅಳುವೂ ಬಂತು. ಕರೆಯಲಿಲ್ಲ. ಬಾಗಿಲು ಹಾಕಿ, ನನ್ನ ಗಂಟೆಯನ್ನು ಒಂದು ಸಲ ಹೊಡೆದೆ.

ಕಿಟಕಿಯಲ್ಲಿ ಅಕ್ಕ ಹಿಡಿಕೆಯಿಂದ ಕೈ ತೆಗೆದಳು. ಕುರ್ಚಿ ಒಪ್ಪಿಸಿಕೊಳ್ಳಲು ಬೇರೆ ಡ್ರೈವರು ಯಾರೂ ಇರಲಿಲ್ಲ, ಮ್ಯಾನೇಜರೇ ಒಳಗೆ ಹೋದರು. ಅವಳ ದನಿ ಅಂಗಳಕ್ಕೆಲ್ಲ ಕೇಳಿಸಿತು. “ಕೆಳಗೆ ಯಾರೂ ಇಲ್ಲ. ಎಲ್ಲರೂ ಮೇಲೆ.”

“ಕೆಳಗೆ ಯಾರೂ ಇಲ್ಲ” ಎಂದರು ಮ್ಯಾನೇಜರು. “ಎಲ್ಲರೂ ಮೇಲೆ.”

ಅಕ್ಕ ಎದ್ದಳು. ಫ್ಯಾನಿನವನು ಓಡಿಹೋಗಿ ಫ್ಯಾನು ನಿಲ್ಲಿಸಿದ. ಹುಟ್ಟಿದಾಗಿನಿಂದ ಕೇಳುತ್ತಿದ್ದ ಆ ಗುಂಯ್ ಸದ್ದು ಇಳಿದು ಇಳಿದು ಇಲ್ಲವಾಯಿತು. ಬೀದಿಯ ಬಾಗಿಲುಗಳು ಒಂದೊಂದೇ ತೆರೆದವು. ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಗಣಿಯ ಕಡೆ ಮುಖ ಮಾಡಿ ನಿಂತರು.

ನಾನು ಡ್ರೈವರ್ ಕೋಣೆಯ ಮೆಟ್ಟಿಲ ಹತ್ತಿರ ಹೋದೆ. ಅಕ್ಕ ಇಳಿದು ಬಂದು ನನ್ನ ಕೈ ಹಿಡಿದು ಅಂಗೈ ಬಿಡಿಸಿದಳು. ತುಕ್ಕು ಬಳಿದುಕೊಂಡಿತ್ತು. ಸೆರಗಿನಿಂದ ಅದನ್ನು ಒರೆಸಿದಳು.

“ಮೊದಲು ಎರಡು ಸಲ ಹೊಡೆದದ್ದು ನೀನು” ಎಂದಳು.

“ಹೂಂ.”

“ನಡುವೆ ಉಸಿರು ಜಾಸ್ತಿ ಬಿಟ್ಟೆ. ಅವರು ಅಷ್ಟು ಬಿಡ್ತಿರಲಿಲ್ಲ.”

“ನಾನು ಅಂತ ಗೊತ್ತಿದ್ದೂ ಕೇಜು ಯಾಕೆ ಕಳಿಸಿದೆ?”

“ಯಾರು ಹೊಡೆದ್ರೂ ಗಂಟೆ ಗಂಟೆಯೇ ಅಲ್ವಾ. ಕಳಿಸ್ಬೇಕು.”

“ಆಮೇಲಿನ ಮೂರು ನಾನಲ್ಲಕ್ಕ.” ನಾನು ಅವಳ ಕೈ ಬಿಗಿಹಿಡಿದೆ. “ದೇವರಾಣೆ ನಾನಲ್ಲ.”

“ಗೊತ್ತು ಕಣೇ.” ಅವಳು ಶಾಫ್ಟಿನ ಕಡೆ ನೋಡಿದಳು. ಮುಖದಲ್ಲಿ ನಿರಾಳ ಕಾಣಬಹುದು ಎಂದು ನಾನು ಕಾಯುತ್ತಿದ್ದೆ. ಅಲ್ಲಿದ್ದದ್ದು ನಿರಾಳವಲ್ಲ. “ಕೇಜು ಹೋದ ಕೂಡಲೇ ಹತ್ತಿಬಿಟ್ರು, ನೋಡಿದೆಯಾ? ಅಲ್ಲೇ ಬಾಗಿಲ ಹತ್ತಿರವೇ ನಿಂತಿದ್ರು ಅಂತ ಕಾಣುತ್ತೆ.”

ಅವಳು ಕೈ ಬಿಡಿಸಿಕೊಂಡಳು.

“ಅವರು ಗಂಟೆ ಹೊಡೀಲಿ ಅಂತ ನಾನು ಕಾದೆ. ನಾನು ಕೇಜು ಕಳಿಸಲಿ ಅಂತ ಅವರು ಕಾದ್ರು. ಅವತ್ತೂ ತಂತಿ ಎಳೆಯೋಕಾಗದೆ ಹಾಗೇ ನಿಂತಿದ್ರೇನೋ. ಖಾಲಿ ಕೇಜು ನಿನ್ನ ಮುಂದೆ ನಿಂತಿತ್ತು, ನನ್ನ ಕೈ ಹಿಡಿಕೆ ಮೇಲಿತ್ತು. ಒಂದು ಸಲ ಸುಮ್ನೆ ಕಳಿಸಿ ನೋಡ್ಬಾರದಿತ್ತೇನೇ ನಾನು?”

ಗೇಟಿನ ಹೊರಗೆ ಸುರಂಗದ ಕಂಪನಿಯ ಗಾಡಿ ಒಮ್ಮೆ ಹಾರನ್ನು ಹೊಡೆಯಿತು. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, ಭಾವ ಹೋದ ಮೇಲೆ ಮೊದಲ ಸಲ, ಬಾಯಿ ಬಿಟ್ಟು ಅತ್ತಳು. ನಾನು ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತೆ.